ನೇಮಕದ ಮರುದಿನದಿಂದ
(ಅಂಗವಿಕಲ ನೌಕರರ ನೇಮಕ ಮತ್ತು ಸೇವೆಯ ಮುಂದುವರಿಕೆ ಕುರಿತ ದತ್ತಿ ಉಪನ್ಯಾಸ)



ವರ್ಷಕ್ಕೊಮ್ಮೆ ತಪ್ಪದೆ ನಡೆಯಲಿ ಎಂದೇ ದತ್ತಿ ಇಡುತ್ತಾರೆ. ಒಂದು ಸಲದ ಸಮಾರಂಭಕ್ಕೆ ದತ್ತಿ ಬೇಕಿಲ್ಲ, ಚಂದಾ ಎತ್ತಿದರೆ ಸಾಕು. ಮುಂದುವರಿಯಬೇಕಾದ ಕೆಲಸಕ್ಕೆ ಮೂಲಧನ ಬೇಕು, ನಿಯಮಾವಳಿ ಬೇಕು, ನೋಡಿಕೊಳ್ಳುವವರೂ ಬೇಕು. ಇಂದು ನಾನು ಆರಿಸಿಕೊಂಡಿರುವ ವಿಷಯಕ್ಕೂ ಈ ಮಾತು ಸಲ್ಲುತ್ತದೆ.

ಅಂಗವಿಕಲರ ಉದ್ಯೋಗದ ಬಗೆಗಿನ ನಮ್ಮ ಚರ್ಚೆ ಸಾಮಾನ್ಯವಾಗಿ ನೇಮಕಾತಿ ಆದೇಶದ ಹತ್ತಿರ ಬಂದು ನಿಂತುಬಿಡುತ್ತದೆ. ಎಷ್ಟು ಹುದ್ದೆ ಮೀಸಲು, ಎಷ್ಟು ಭರ್ತಿ, ಎಷ್ಟು ಬ್ಯಾಕ್‌ಲಾಗ್ ಎಂದು ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಅಗತ್ಯವೇ. ಆದರೆ ಆದೇಶ ಕೈಗೆ ಬಂದ ಮೇಲೆ ನೌಕರನ ಮುಂದೆ ಇಪ್ಪತ್ತೈದು, ಮೂವತ್ತು ವರ್ಷಗಳ ಸೇವೆ ಇರುತ್ತದೆ. ಒಂದು ಸಂಸ್ಥೆ ಎಷ್ಟು ಮಂದಿಯನ್ನು ಒಳಗೆ ಕರೆದುಕೊಂಡಿತು ಎಂಬುದಕ್ಕಿಂತ, ಹತ್ತು ವರ್ಷದ ಬಳಿಕ ಅವರಲ್ಲಿ ಯಾರು ಉಳಿದಿದ್ದಾರೆ, ಯಾವ ಹುದ್ದೆಗೆ ಏರಿದ್ದಾರೆ, ದಿನವೂ ಯಾವ ಕೆಲಸ ಮಾಡುತ್ತಿದ್ದಾರೆ ಎಂಬುದರಿಂದ ಆ ಸಂಸ್ಥೆಯನ್ನು ಅಳೆಯಬೇಕು. ಇದು ನನ್ನ ವಾದ. ಇದಕ್ಕೆ ಬೇಕಾದ ಕಾನೂನು ಬಹುಮಟ್ಟಿಗೆ ನಮ್ಮಲ್ಲಿದೆ. ಕಾನೂನನ್ನು ಕಚೇರಿಯ ದಿನಚರಿಗೆ ಇಳಿಸುವ ಕೆಲಸ ಬಾಕಿ ಇದೆ.

1. ಹುಡುಕುವುದನ್ನೇ ಬಿಟ್ಟವರು

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯ ಇರುವವರು 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದೆ. ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಆ್ಯಸಿಡ್ ದಾಳಿಯ ಗಾಯ, ಎಲ್ಲವೂ ಈಗ ಅದರೊಳಗೆ ಬರುತ್ತವೆ. ಆದ್ದರಿಂದ ಇಂದಿನ ನಿಜವಾದ ಸಂಖ್ಯೆ ಆ ಹಳೆಯ ಲೆಕ್ಕಕ್ಕಿಂತ ದೊಡ್ಡದೇ ಇರಬೇಕು.

ಉದ್ಯೋಗದ ಚಿತ್ರ ಸ್ಪಷ್ಟವಾಗುವುದು ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ. 2018ರ ಜುಲೈನಿಂದ ಡಿಸೆಂಬರ್ ತನಕ ನಡೆದ ಆ ಸಮೀಕ್ಷೆಯಲ್ಲಿ, 15 ವರ್ಷ ಮೇಲ್ಪಟ್ಟ ಅಂಗವಿಕಲರ ಪೈಕಿ ದುಡಿಮೆಯಲ್ಲಿದ್ದವರು ಶೇ 22.8. ಅದೇ ವರದಿಯಲ್ಲಿ ನಿರುದ್ಯೋಗದ ಪ್ರಮಾಣ ಶೇ 4.2 ಮಾತ್ರ. ಮೊದಲ ನೋಟಕ್ಕೆ ಇದು ಸಮಾಧಾನ ತರುವ ಅಂಕಿ. ಆದರೆ ನಿರುದ್ಯೋಗಿ ಎಂದು ಲೆಕ್ಕಕ್ಕೆ ಬರಬೇಕಾದರೆ ಆ ವ್ಯಕ್ತಿ ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಸಿಕ್ಕಿದರೆ ಮಾಡಲು ಸಿದ್ಧನಿರಬೇಕು. ನೂರರಲ್ಲಿ ಎಪ್ಪತ್ತಾರು ಮಂದಿ ಆ ಸಾಲಿಗೇ ಬಂದಿಲ್ಲ. ಅವರಲ್ಲಿ ವಯಸ್ಸಾದವರಿದ್ದಾರೆ, ಓದುತ್ತಿರುವವರಿದ್ದಾರೆ, ದುಡಿಯುವ ಸ್ಥಿತಿಯಲ್ಲಿ ಇಲ್ಲದವರೂ ಇದ್ದಾರೆ. ಅವರನ್ನೆಲ್ಲ ಕಳೆದ ಮೇಲೂ, ಹುಡುಕಿ ಪ್ರಯೋಜನವಿಲ್ಲ ಎಂದು ಮನೆಯಲ್ಲೇ ಉಳಿದವರು ದೊಡ್ಡ ಸಂಖ್ಯೆಯಲ್ಲಿ ಮಿಕ್ಕುತ್ತಾರೆ.

ಹುಡುಕುವುದನ್ನು ಏಕೆ ಬಿಡುತ್ತಾರೆ? ಊರಿನಲ್ಲಿ ಯಾರಿಗೋ ಕೆಲಸ ಸಿಕ್ಕಿದ ಸುದ್ದಿ ಬಂದ ಹಾಗೆಯೇ, ಕೆಲವು ತಿಂಗಳ ಬಳಿಕ ಆತ ಬಿಟ್ಟು ಬಂದ ಸುದ್ದಿಯೂ ಬರುತ್ತದೆ. ಬಸ್ಸು ಹತ್ತಲಾಗಲಿಲ್ಲ, ಮೂರನೇ ಮಹಡಿಯಲ್ಲಿ ಕೂರಿಸಿದರು, ಕೆಲಸವನ್ನೇ ಕೊಡಲಿಲ್ಲ ಎಂಬ ಮಾತುಗಳು ಮನೆಮನೆಗೆ ತಲುಪುತ್ತವೆ. ಒಬ್ಬನು ಉಳಿದು ಬಡ್ತಿ ಪಡೆದರೆ ಅದು ನಾಲ್ಕು ಹಳ್ಳಿಗೆ ಜಾಹೀರಾತು. ಬಿಟ್ಟು ಬಂದರೆ ಅದೂ ಜಾಹೀರಾತೇ. ಹೀಗಾಗಿ ಇದ್ದವರನ್ನು ಉಳಿಸಿಕೊಳ್ಳದ ಸಂಸ್ಥೆಗೆ ಮುಂದಿನ ನೇಮಕಕ್ಕೆ ಅರ್ಜಿಗಳೂ ಬರುವುದಿಲ್ಲ. ಆಮೇಲೆ ಅರ್ಹ ಅಭ್ಯರ್ಥಿಗಳು ಸಿಗಲಿಲ್ಲ ಎಂಬ ಷರಾ ಕಡತದಲ್ಲಿ ಬೀಳುತ್ತದೆ.

2. ಕಾಯ್ದೆ ನಡೆದ ದಾರಿ

ಅಂಗವಿಕಲರ ಕುರಿತ 1995ರ ಕಾಯ್ದೆ 1996ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಸರ್ಕಾರಿ ಹುದ್ದೆಗಳಲ್ಲಿ ಶೇ 3ರ ಮೀಸಲಾತಿ ಕೊಟ್ಟದ್ದು ಅದೇ. ಆಮೇಲೆ ಆಡಳಿತ ಯಂತ್ರ ಆ ಮೂರರ ಸುತ್ತ ಗಣಿತ ಶುರುಮಾಡಿತು. ಮೇಲಿನ ದರ್ಜೆಯ ಹುದ್ದೆಗಳಲ್ಲಿ, ಅಂಗವಿಕಲರಿಗೆ ಸೂಕ್ತವೆಂದು ಗುರುತಿಸಿದ ಹುದ್ದೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಅದರಲ್ಲಿ ಶೇ 3 ಕೊಡುವುದು ರೂಢಿಯಾಯಿತು. ಗುರುತಿಸಿದ್ದೇ ಕಡಿಮೆ, ಅದರಲ್ಲಿ ಮೂರು ಅಂಶ ಇನ್ನೂ ಕಡಿಮೆ. 2013ರ ಅಕ್ಟೋಬರ್ 8ರಂದು ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗಣಿತವನ್ನು ತಿದ್ದಿತು. ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆ ಲೆಕ್ಕ ಹಾಕಬೇಕು ಎಂದಿತು.

ಅದರ ಜಾಗಕ್ಕೆ ಬಂದ 2016ರ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತ್ತು. ಅದಕ್ಕೆ ತಕ್ಕ ಕಾನೂನು ಬರಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಶೇ 40 ಅಥವಾ ಹೆಚ್ಚಿನ ವೈಕಲ್ಯ ಇರುವವರಿಗೆ ಮೀಸಲಾತಿ ಈಗ ಕನಿಷ್ಠ ಶೇ 4. ಕರ್ನಾಟಕದ ನೇಮಕಾತಿ ನಿಯಮಗಳಲ್ಲಿ ಗ್ರೂಪ್ ಎ ಮತ್ತು ಬಿ ಹುದ್ದೆಗಳಿಗೆ ಶೇ 4, ಗ್ರೂಪ್ ಸಿ ಮತ್ತು ಡಿ ಹುದ್ದೆಗಳಿಗೆ ಶೇ 5.

ನೇಮಕದಾಚೆಗೆ ನೋಡುವ ಕಣ್ಣು ಕಾನೂನಿಗೆ ಬಂದದ್ದು ಬಡ್ತಿಯ ಪ್ರಕರಣಗಳಲ್ಲಿ. ಪ್ರಸಾರ ಭಾರತಿಯ ಎಂಜಿನಿಯರುಗಳು ಹೂಡಿದ ಮೊಕದ್ದಮೆ 2016ರಲ್ಲಿ ತೀರ್ಮಾನವಾಯಿತು. ಮೇಲಿನ ಹುದ್ದೆಗಳು ಬಡ್ತಿಯಿಂದಲೇ ತುಂಬುವುದಾದರೆ, ಬಡ್ತಿಯಲ್ಲಿ ಮೀಸಲಾತಿ ಇಲ್ಲವೆನ್ನುವುದು ಆ ಹುದ್ದೆಗಳ ಬಾಗಿಲನ್ನೇ ಮುಚ್ಚಿದಂತೆ ಎಂಬುದು ಆ ತೀರ್ಪಿನ ಸಾರ. ಅದನ್ನು ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿ 14ರಂದು ಎತ್ತಿಹಿಡಿಯಿತು. ಆ ಪ್ರಕರಣದ ಹೆಸರು ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ. ನಮ್ಮ ರಾಜ್ಯದಿಂದ ಹೋದ ಈ ಮೊಕದ್ದಮೆ ಇಡೀ ದೇಶದ ಅಂಗವಿಕಲ ನೌಕರರ ಬಡ್ತಿಯ ದಾರಿ ತೆರೆಯಿತು. ಅದನ್ನು ಜಾರಿಗೊಳಿಸುವ ಕೇಂದ್ರದ ಸೂಚನೆ ಬಂದದ್ದು 2022ರ ಮೇ ತಿಂಗಳಲ್ಲಿ. ತೀರ್ಪಿಗೂ ಸೂಚನೆಗೂ ನಡುವಿನ ಎರಡು ವರ್ಷಗಳಲ್ಲಿ ನಿವೃತ್ತಿ ವಯಸ್ಸು ಮುಟ್ಟಿದವರಿಗೆ ಆ ಗೆಲುವು ಬರೀ ಕಾಗದದಲ್ಲಿ ಉಳಿಯಿತು.

3. ಬೆತ್ತದ ಕುರ್ಚಿಯೂ ಟೆಲಿಫೋನೂ

ಅಂಗವಿಕಲರಿಗೆ ಯಾವ ಕೆಲಸ ಆದೀತು ಎಂಬ ತೀರ್ಮಾನವನ್ನು ಯಾರು ಮಾಡುತ್ತಾರೆ? ಕಾಯ್ದೆಯ ಪ್ರಕಾರ ತಜ್ಞರ ಸಮಿತಿ ಹುದ್ದೆಗಳನ್ನು ಗುರುತಿಸಿ ಪಟ್ಟಿ ಮಾಡಬೇಕು, ಮೂರು ವರ್ಷ ಮೀರದಂತೆ ಅದನ್ನು ಪರಿಷ್ಕರಿಸುತ್ತಿರಬೇಕು. 2021ರ ಜನವರಿಯಲ್ಲಿ ಕೇಂದ್ರ ಪ್ರಕಟಿಸಿದ ಪಟ್ಟಿಯಲ್ಲಿ 3,566 ಬಗೆಯ ಹುದ್ದೆಗಳಿವೆ. ಅವುಗಳಲ್ಲಿ ಗ್ರೂಪ್ ಎ ದರ್ಜೆಯವೇ 1,046. ಹಳೆಯ ಪಟ್ಟಿಗಳ ಮುಂದೆ ಇದು ದೊಡ್ಡ ಹೆಜ್ಜೆ.

ಹಳೆಯ ಪಟ್ಟಿಗಳ ಕಾಲದಲ್ಲಿ ಅಂಧರಿಗೆ ಮೀಸಲಾಗಿದ್ದ ಕೆಲಸಗಳಲ್ಲಿ ಎರಡು ಬಹಳ ಪ್ರಸಿದ್ಧ. ಒಂದು, ಕಚೇರಿಯ ಕುರ್ಚಿಗಳಿಗೆ ಬೆತ್ತ ಹೆಣೆಯುವುದು. ಇನ್ನೊಂದು, ಬ್ಯಾಂಕು ಮತ್ತು ದೊಡ್ಡ ಕಚೇರಿಗಳಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಬೆತ್ತದ ಕುರ್ಚಿ ಹೋಗಿ ಮೆತ್ತೆಯ ಕುರ್ಚಿ ಬಂತು. ಟೆಲಿಫೋನ್ ಬೋರ್ಡು ಹೋಗಿ ನೇರ ಡಯಲ್ ಬಂತು, ಆಮೇಲೆ ಎಲ್ಲರ ಕಿಸೆಯಲ್ಲೂ ಮೊಬೈಲ್ ಬಂತು. ಹುದ್ದೆ ಉಳಿಯಿತು, ಸಂಬಳ ಬಂತು, ಕೆಲಸ ಮಾತ್ರ ಇಲ್ಲವಾಯಿತು. ಖಾಲಿ ಕೂರುವ ನೌಕರ ಎಂಬ ಅಪಕೀರ್ತಿಗೆ ಅವರು ಹೀಗೆ ಗುರಿಯಾದರು. ಒಂದೇ ಕೌಶಲಕ್ಕೆ ಕಟ್ಟಿಹಾಕಿ ನೇಮಿಸಿಕೊಂಡವರೂ, ಆ ಕೌಶಲ ಬಳಕೆ ತಪ್ಪುವಾಗ ಹೊಸದನ್ನು ಕಲಿಸದವರೂ ಆಡಳಿತದವರೇ. ಹೆಸರು ಕೆಟ್ಟದ್ದು ಮಾತ್ರ ನೌಕರನದು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯಬೇಕು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕಿನ ದಾರಿ ತೋರಿದರು. ಅಲ್ಲಿ ಊಟ, ವಸತಿ, ಗುರು, ಅಭ್ಯಾಸ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿದ್ದವು. ಕಲಿತದ್ದನ್ನು ಊರೂರು ಸುತ್ತಿ ಪ್ರದರ್ಶಿಸಲು ನಾಟಕ ಕಂಪನಿಯೂ ಇತ್ತು. ವಿದ್ಯಾರ್ಥಿಗಳು ಉಳಿದುಕೊಂಡದ್ದು ಆ ಇಡೀ ವ್ಯವಸ್ಥೆಯ ಬಲದಿಂದ. ಹೊರಗಿನ ಸಮಾಜ ಅಲ್ಲಿಂದ ಎತ್ತಿಕೊಂಡದ್ದು ಮಾತ್ರ ಕಣ್ಣಿಲ್ಲದವರಿಗೆ ಸಂಗೀತ ಒಲಿಯುತ್ತದೆ ಎಂಬ ಸುಲಭದ ತೀರ್ಮಾನವನ್ನು.

ಪಟ್ಟಿಯ ಒಂದು ಸಾಲು ಎಂಥ ಹಾನಿ ಮಾಡಬಲ್ಲದು ಎಂಬುದಕ್ಕೆ ಇರಾ ಸಿಂಘಾಲ್ ಅವರದು ಎಲ್ಲರಿಗೂ ತಿಳಿದ ಪ್ರಸಂಗ. 2010ರಲ್ಲಿ ನಾಗರಿಕ ಸೇವಾ ಪರೀಕ್ಷೆ ಪಾಸಾಗಿ ಕಂದಾಯ ಸೇವೆಗೆ ಆಯ್ಕೆಯಾದರೂ, ತಳ್ಳುವ, ಎಳೆಯುವ, ಎತ್ತುವ ಶಕ್ತಿ ಇಲ್ಲವೆಂದು ಅವರಿಗೆ ಹುದ್ದೆ ಕೊಡಲಿಲ್ಲ. ಅವರು ಕೇಂದ್ರ ಆಡಳಿತ ನ್ಯಾಯಮಂಡಳಿಯಲ್ಲಿ ಗೆದ್ದರು. 2014ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದರು. ತೆರಿಗೆ ಕಡತ ಪರಿಶೀಲಿಸುವ ಅಧಿಕಾರಿ ಏನನ್ನು ತಳ್ಳಬೇಕು, ಏನನ್ನು ಎತ್ತಬೇಕು ಎಂದು ಆ ಸಾಲು ಬರೆದವರು ಕೇಳಿಕೊಂಡಿರಲಿಲ್ಲ. ಈ ಕಥೆಯನ್ನು ನಾವು ಸಾಧಕಿಯ ಕಥೆಯಾಗಿ ಹೇಳುತ್ತೇವೆ. ಮೊದಲ ರ‍್ಯಾಂಕ್ ಪಡೆಯಲಾಗದ, ನ್ಯಾಯಮಂಡಳಿಗೆ ಹೋಗಲು ಹಣವಿಲ್ಲದ ಸಾಧಾರಣ ಅಭ್ಯರ್ಥಿಗೆ ಅದೇ ಸಾಲು ಏನು ಮಾಡಿತು ಎಂಬುದು ನನಗೆ ಹೆಚ್ಚು ಮುಖ್ಯ. ಸಾಧಾರಣ ಸಾಮರ್ಥ್ಯದ ಅಂಗವಿಕಲನೂ ಸಾಧಾರಣ ಸಾಮರ್ಥ್ಯದ ಇತರರಂತೆಯೇ ನೌಕರಿ ಮಾಡಿ ನಿವೃತ್ತನಾಗುವಂತಾದರೆ ಸಮಾನತೆ ಬಂದಿತೆನ್ನಬಹುದು.

ಈಚಿನ ಒಂದು ತೀರ್ಪು ಈ ದಿಕ್ಕಿನಲ್ಲಿದೆ. ದೃಷ್ಟಿದೋಷ ಇರುವವರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಟ್ಟಿದ್ದ ಮಧ್ಯಪ್ರದೇಶದ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ರದ್ದುಮಾಡಿತು. ಕಣ್ಣಿಲ್ಲದವರು ಇನ್ನು ನ್ಯಾಯಾಧೀಶರಾಗಬಹುದು. ಅವರ ಮುಂದೆ ಬರುವ ಕಡತ ಓದುವಂತಿರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ.

4. ಕಡತ ಓದುವ ದನಿ

ಸೇವೆಯ ಮೊದಲ ವರ್ಷ ಮಹತ್ವದ್ದು. ಅಂಗವಿಕಲ ನೌಕರ ಉಳಿಯುತ್ತಾನೋ ಮೂಲೆ ಸೇರುತ್ತಾನೋ ಎಂಬುದು ಹೆಚ್ಚಾಗಿ ಆಗಲೇ ಗೊತ್ತಾಗುತ್ತದೆ.

ದೃಷ್ಟಿ ಇಲ್ಲದ ದ್ವಿತೀಯ ದರ್ಜೆ ಸಹಾಯಕರೊಬ್ಬರು ಕೆಲಸಕ್ಕೆ ಸೇರುತ್ತಾರೆ ಎಂದುಕೊಳ್ಳೋಣ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರ ಜೊತೆಗೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಅಂದರೆ ಯಂತ್ರಕ್ಕೆ ಬೇರೆ ಖರ್ಚಿಲ್ಲ. ಆದರೆ ಅವರ ಮೇಜಿಗೆ ಬರುವ ಕಡತ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾಗಿರುತ್ತದೆ. ಪರದೆಯ ಮೇಲೆ ಅದು ಅಚ್ಚುಕಟ್ಟಾದ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಅದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳ ಕಲಸುಮೇಲೋಗರ. ತಂತ್ರಾಂಶ ಓದುವುದು ಒಳಗಿರುವುದನ್ನು. ಹಾಗಾಗಿ ಕೇಳುವವರ ಕಿವಿಗೆ ಅರ್ಥವಿಲ್ಲದ ಸದ್ದು ಬೀಳುತ್ತದೆ. ಇಲ್ಲವಾದರೆ ಸುತ್ತೋಲೆಗೆ ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿ ಕಳಿಸಿರುತ್ತಾರೆ. ಅದು ಬರೀ ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಇದಕ್ಕೆ ಪರಿಹಾರ ಸರಳ. ಎಲ್ಲರೂ ಯುನಿಕೋಡ್‌ನಲ್ಲಿ ಟೈಪ್ ಮಾಡಬೇಕು, ಸ್ಕ್ಯಾನ್ ಪ್ರತಿಯ ಜೊತೆ ಮೂಲ ಕಡತವನ್ನೂ ಕಳಿಸಬೇಕು. ಹಾಗೆ ಮಾಡಿದರೆ ದೃಷ್ಟಿ ಇರುವವರಿಗೂ ಕಡತದಲ್ಲಿ ಪದ ಹುಡುಕುವುದು, ಭಾಗ ನಕಲು ಮಾಡುವುದು ಸಾಧ್ಯವಾಗುತ್ತದೆ. ಒಬ್ಬ ನೌಕರನ ಸೌಕರ್ಯಕ್ಕೆಂದು ಮಾಡಿದ ಬದಲಾವಣೆ ಇಡೀ ಶಾಖೆಯ ಕೆಲಸವನ್ನು ಹಗುರ ಮಾಡುತ್ತದೆ. ಆದರೂ ಇದು ನಡೆಯುವುದು ಕಡಿಮೆ, ಏಕೆಂದರೆ ಬದಲಾಗಬೇಕಾದವರು ಆ ನೌಕರನ ಸುತ್ತಲಿನ ಇಪ್ಪತ್ತು ಮಂದಿ. ಒಬ್ಬನನ್ನು ಹೊಂದಿಕೋ ಎನ್ನುವುದು ಇಪ್ಪತ್ತು ಮಂದಿಗೆ ಹೊಸ ಅಭ್ಯಾಸ ಕಲಿಸುವುದಕ್ಕಿಂತ ಸುಲಭ.

ಕಿವಿ ಕೇಳದ ನೌಕರನಿಗೆ ಮೇಜಿನ ಕೆಲಸ ಕಷ್ಟವಲ್ಲ. ಕಷ್ಟ ಇರುವುದು ಸಭೆಯಲ್ಲಿ, ಕಾರಿಡಾರಿನ ಮಾತಿನಲ್ಲಿ, ಫೋನಿನಲ್ಲಿ ಬಂದ ಮೌಖಿಕ ಆದೇಶದಲ್ಲಿ. ನಮ್ಮ ಕಚೇರಿಗಳ ಅರ್ಧ ಆಡಳಿತ ಬಾಯಿಮಾತಿನಲ್ಲಿ ನಡೆಯುತ್ತದೆ. ಗಾಲಿಕುರ್ಚಿ ಬಳಸುವ ಮಹಿಳೆಗೆ ಕಚೇರಿಯ ಮುಂದಿನ ರ‍್ಯಾಂಪ್ ಸಾಲದು. ಆಕೆ ಬಳಸಬಹುದಾದ ಶೌಚಾಲಯ ಹತ್ತಿರದಲ್ಲಿ ಇಲ್ಲದಿದ್ದರೆ ಬೆಳಿಗ್ಗೆಯಿಂದ ನೀರು ಕುಡಿಯದೆ ದಿನ ಕಳೆಯಬೇಕಾಗುತ್ತದೆ. ಹಾಗೆ ಎಷ್ಟು ವರ್ಷ ನೌಕರಿ ಮಾಡಲಾದೀತು?

ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಕರುಣೆಯ ರೂಪದಲ್ಲಿ ಬರುತ್ತದೆ. “ನೀವು ಆರಾಮಾಗಿ ಕೂತಿರಿ ಸಾರ್, ನಾವು ಮಾಡ್ಕೋತೀವಿ” ಎನ್ನುವ ಸಹೋದ್ಯೋಗಿ ಒಳ್ಳೆಯವನೇ. ಆದರೆ ಕಠಿಣ ಕಡತ ಕೈಗೆ ಬಾರದ ನೌಕರನಿಗೆ ವರ್ಷದ ಕೊನೆಯಲ್ಲಿ ಕಾರ್ಯನಿರ್ವಹಣಾ ವರದಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಇಲಾಖಾ ಪರೀಕ್ಷೆಗೆ, ತರಬೇತಿಗೆ ಅವನ ಹೆಸರು ಹೋಗುವುದಿಲ್ಲ. ಹತ್ತು ವರ್ಷದ ಬಳಿಕ ಬಡ್ತಿಯ ಪ್ರಸ್ತಾಪ ಬಂದಾಗ ಅನುಭವ ಸಾಲದು ಎಂಬ ಅಭಿಪ್ರಾಯ ಮೂಡುತ್ತದೆ. ಕೆಲಸ ಕೊಡದಿರುವುದು ನೌಕರನಿಗೆ ಮಾಡುವ ಉಪಕಾರವಲ್ಲ ಎಂಬುದನ್ನು ಮೇಲ್ವಿಚಾರಕರಿಗೆ ಮೊದಲು ಕಲಿಸಬೇಕು.

5. ಸೇವೆಯಲ್ಲಿರುವಾಗ ಬರುವ ವೈಕಲ್ಯ

ಇಲ್ಲಿಯತನಕ ಅಂಗವೈಕಲ್ಯದೊಂದಿಗೆ ಕೆಲಸಕ್ಕೆ ಸೇರಿದವರ ಮಾತಾಯಿತು. ಸೇರುವಾಗ ಪೂರ್ಣ ಆರೋಗ್ಯದಲ್ಲಿದ್ದು ಆಮೇಲೆ ವೈಕಲ್ಯ ಬಂದವರ ಕಡೆಗೆ ನೋಡೋಣ. ರಸ್ತೆ ಅಪಘಾತ, ಪಾರ್ಶ್ವವಾಯು, ಸಕ್ಕರೆ ಕಾಯಿಲೆಯಿಂದ ಹೋದ ಕಣ್ಣು ಅಥವಾ ಕಾಲು, ಯಂತ್ರಕ್ಕೆ ಸಿಕ್ಕ ಬೆರಳು, ಮನೋರೋಗ. ಇವು ನೇಮಕಾತಿಯ ಯಾವ ರೋಸ್ಟರಿನಲ್ಲೂ ಕಾಣುವುದಿಲ್ಲ. ಈ ಸಭೆಯಲ್ಲಿ ಕುಳಿತಿರುವ ಯಾರಿಗೂ ಇದು ಪರರ ವಿಷಯವಲ್ಲ.

1995ರ ಕಾಯ್ದೆಯ 47ನೇ ಕಲಂ ಇಂಥವರಿಗೆ ರಕ್ಷಣೆ ಕೊಟ್ಟಿತ್ತು. 2016ರ ಕಾಯ್ದೆಯ 20ನೇ ಕಲಂನ 4ನೇ ಉಪಕಲಂ ಅದನ್ನು ಮುಂದುವರಿಸಿದೆ. ಸೇವೆಯಲ್ಲಿರುವಾಗ ವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೆಯ ಹುದ್ದೆ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು. ಅದೂ ಇಲ್ಲವಾದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸಂಖ್ಯಾಧಿಕ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಜನ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಒಬ್ಬರನ್ನು ಅಸಮರ್ಥರೆಂದು ಮನೆಗೆ ಕಳಿಸಿದ್ದರು. ಕುನಾಲ್ ಸಿಂಗ್ ಪ್ರಕರಣ ಎಂದು ಹೆಸರಾದ ಅದರಲ್ಲಿ 2003ರಲ್ಲಿ ಬಂದ ತೀರ್ಪು, ಈ ರಕ್ಷಣೆ ಕಡ್ಡಾಯ ಎಂದಿತು. ಹಾಗೆ ತೆಗೆದರೆ ನೌಕರನ ಜೊತೆಗೆ ಅವನನ್ನು ನಂಬಿದವರೂ ಬೀದಿಗೆ ಬೀಳುತ್ತಾರೆ ಎಂಬುದನ್ನೂ ಎತ್ತಿ ತೋರಿಸಿತು. ಮನೋರೋಗದಿಂದ ಬಳಲುತ್ತಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲೆ ಶಿಸ್ತುಕ್ರಮ ಹೂಡಿದ ಪ್ರಕರಣ 2021ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ರೋಗಕ್ಕೂ ನಡವಳಿಕೆಗೂ ಇರುವ ನಂಟನ್ನು ಗಮನಿಸದೆ ವಿಚಾರಣೆ ನಡೆಸುವುದೇ ತಾರತಮ್ಯದ ಒಂದು ಬಗೆ ಎಂದು ಕೋರ್ಟ್ ಹೇಳಿತು. ಗೈರುಹಾಜರಿ, ಮೇಲಧಿಕಾರಿಯ ಮೇಲೆ ರೇಗಾಟ, ಕೆಲಸದಲ್ಲಿ ತಪ್ಪು, ಇವನ್ನೆಲ್ಲ ಶಿಸ್ತಿನ ಕಡತಕ್ಕೆ ಮಾತ್ರ ಸೇರಿಸುವ ನಮ್ಮ ರೂಢಿಯನ್ನು ಈ ತೀರ್ಪು ಪ್ರಶ್ನಿಸುತ್ತದೆ.

2025ರಲ್ಲಿ ತೆಲಂಗಾಣದ ಸಾರಿಗೆ ನಿಗಮದ ಚಾಲಕರೊಬ್ಬರ ಪ್ರಕರಣ ಬಂತು. ಬಣ್ಣಗುರುಡು ಎಂದು ವೈದ್ಯಕೀಯ ಕಾರಣಕ್ಕೆ ನಿವೃತ್ತಿಗೊಳಿಸಿದ್ದ ಅವರಿಗೆ ಬೇರೆ ಕೆಲಸ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಬಸ್ ಓಡಿಸಲಾಗದವರು ಡಿಪೊದಲ್ಲಿ ಮಾಡಬಹುದಾದ ಕೆಲಸ ಎಷ್ಟೋ ಇರುತ್ತದೆ. ಹುಡುಕುವ ಹೊಣೆ ನಿಗಮದ್ದು ಎಂಬುದು ಈ ಸಾಲಿನ ತೀರ್ಪುಗಳ ತಿರುಳು.

ಖಾಸಗಿ ವಲಯದಲ್ಲಿ ಇಷ್ಟು ಭದ್ರತೆ ಇಲ್ಲ. ಮೇಲೆ ಹೇಳಿದ ಉಪಕಲಂ ಸರ್ಕಾರಿ ಸಂಸ್ಥೆಗಳಿಗೆ ಸೀಮಿತ. 1947ರ ಕೈಗಾರಿಕಾ ವಿವಾದ ಕಾಯ್ದೆ, ದೀರ್ಘಕಾಲದ ಅನಾರೋಗ್ಯಕ್ಕಾಗಿ ಕಾರ್ಮಿಕನನ್ನು ತೆಗೆದರೆ ಅದನ್ನು ಪರಿಹಾರ ಕೊಡಬೇಕಾದ ರಿಟ್ರೆಂಚ್‌ಮೆಂಟಿನ (ಉದ್ಯೋಗ ಕಡಿತದ) ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. ಯಂತ್ರ ಹಳೆಯದಾಯಿತೆಂದು ಕೆಲಸ ಕಳೆದುಕೊಂಡವನಿಗೆ ಪರಿಹಾರ ಉಂಟು, ದೇಹ ಸೋತು ಕೆಲಸ ಕಳೆದುಕೊಂಡವನಿಗೆ ಅದು ಇಲ್ಲ.

ಜರ್ಮನಿಯ ಒಂದು ಪದ್ಧತಿ ಇಲ್ಲಿ ಯೋಚಿಸುವಂಥದ್ದು. ಅಲ್ಲಿ ಯಾವ ಉದ್ಯೋಗಿಯಾದರೂ ಹನ್ನೆರಡು ತಿಂಗಳಲ್ಲಿ ಒಟ್ಟು ಆರು ವಾರಕ್ಕಿಂತ ಹೆಚ್ಚು ಕಾಯಿಲೆಯಿಂದ ಗೈರಾದರೆ, ಉದ್ಯೋಗದಾತ ತಾನಾಗಿಯೇ ಮಾತುಕತೆಗೆ ಕರೆಯಬೇಕು. ಕೆಲಸಕ್ಕೆ ಮರಳಲು ಏನು ಬೇಕು, ಯಾವ ಬದಲಾವಣೆ ಸಾಧ್ಯ ಎಂಬುದನ್ನು ಇಬ್ಬರೂ ಕೂತು ನಿರ್ಧರಿಸಬೇಕು. ಆ ಉದ್ಯೋಗಿಗೆ ಅಂಗವೈಕಲ್ಯದ ಪ್ರಮಾಣಪತ್ರ ಇರಲೇಬೇಕೆಂದಿಲ್ಲ. ಇಪ್ಪತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಅಲ್ಲಿ ಶೇ 5ರ ನೇಮಕದ ಹೊಣೆಯೂ ಇದೆ, ತಪ್ಪಿದರೆ ಹಣ ತೆರಬೇಕು. ಆ ದಂಡಕ್ಕಿಂತ ಆರು ವಾರದ ನಿಯಮ ನನ್ನನ್ನು ಹೆಚ್ಚು ಸೆಳೆಯುತ್ತದೆ. ವರ್ಷಗಟ್ಟಲೆ ರಜೆಯ ಮೇಲಿದ್ದವನನ್ನು ಮರಳಿ ತರುವುದು ಕಷ್ಟ, ಆರನೇ ವಾರದಲ್ಲಿ ಒಂದು ಫೋನ್ ಮಾಡುವುದು ಸುಲಭ. ನಮ್ಮ ಯಾವುದೇ ನಿಗಮ, ಯಾವುದೇ ಕಾರ್ಖಾನೆ ಹೊಸ ಕಾನೂನಿಗೆ ಕಾಯದೆ ಇದನ್ನು ನಾಳೆಯೇ ಶುರುಮಾಡಬಹುದು.

6. ಖಾಸಗಿ ವಲಯದ ಪಾಠಗಳು

ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯವಿಲ್ಲ. ಉದ್ಯೋಗಿಗಳಲ್ಲಿ ಕನಿಷ್ಠ ಶೇ 5 ಮಂದಿ ಅಂಗವಿಕಲರಿರುವಂತೆ ಪ್ರೋತ್ಸಾಹ ಕೊಡಬೇಕು ಎಂದು 2016ರ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಅದಕ್ಕೂ ಮೊದಲೇ, 2008ರಲ್ಲಿ, ಕೇಂದ್ರ ಇಂಥದೊಂದು ಯೋಜನೆ ತಂದಿತ್ತು. ಅಂಗವಿಕಲರನ್ನು ನೇಮಿಸಿಕೊಂಡರೆ ಮಾಲೀಕರ ಪಾಲಿನ ಭವಿಷ್ಯನಿಧಿ ಮತ್ತು ಇಎಸ್‌ಐ ವಂತಿಗೆಯನ್ನು ಮೂರು ವರ್ಷ ಸರ್ಕಾರವೇ ಭರಿಸುವುದು ಆ ಯೋಜನೆ. ಆಗ ಅದರ ನೆರವು ಮೊದಲ ಮೂರು ವರ್ಷಕ್ಕೆ ಸೀಮಿತವಾಗಿತ್ತು. ಅಂದರೆ ಪ್ರೋತ್ಸಾಹವೂ ಬಾಗಿಲ ಬಳಿಯೇ ನಿಂತಿತು. ಐದನೇ ವರ್ಷವೂ ಉಳಿಸಿಕೊಂಡ, ಬಡ್ತಿ ಕೊಟ್ಟ ಮಾಲೀಕನಿಗೆ ಏನು ಎಂಬುದನ್ನು ಯೋಜನೆ ಕೇಳಿಕೊಳ್ಳಲಿಲ್ಲ.

ಕಾನೂನಿನ ಒತ್ತಾಯಕ್ಕೆ ಕಾಯದೆ ದಾರಿ ಮಾಡಿದವರು ಇದ್ದಾರೆ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ, ಕೈಗಾರಿಕಾ ಕೌಶಲ ಮತ್ತು ತೋಟಗಾರಿಕೆ ಕಲಿಸಿ ದುಡಿಮೆಗೆ ಅಣಿಮಾಡಿತು. ಹೊಸೂರಿನ ಟೈಟಾನ್ ಗಡಿಯಾರ ಕಾರ್ಖಾನೆ ತನ್ನ ಆರಂಭದ ವರ್ಷಗಳಿಂದಲೇ ಅಂಗವಿಕಲರನ್ನು ಉತ್ಪಾದನೆಯ ಸಾಲಿನಲ್ಲೇ ಸೇರಿಸಿಕೊಂಡಿತು. ಮಹಾಂತೇಶ ಕಿವಡಸಣ್ಣವರ ಮತ್ತು ದಿವಂಗತ ಎಸ್.ಪಿ. ನಾಗೇಶ್ 1997ರಲ್ಲಿ ಆರಂಭಿಸಿದ ಸಮರ್ಥನಂ, 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ, ಕಂಪನಿಗಳಿಗೂ ಅಭ್ಯರ್ಥಿಗಳಿಗೂ ನಡುವೆ ಸೇತುವಾದವು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ 2017ರಲ್ಲಿ ತೆರೆದ ಮಿಟ್ಟಿ ಕೆಫೆ ಇಂದು ಸುಪ್ರೀಂ ಕೋರ್ಟಿನ ಅಂಗಳದಲ್ಲೂ ಇದೆ. ಅಲ್ಲಿ ಆರ್ಡರ್ ತೆಗೆದುಕೊಳ್ಳುವವರು, ಚಹಾ ಕೊಡುವವರು ಅಂಗವಿಕಲರೇ.

ಲೆಮನ್ ಟ್ರೀ ಹೋಟೆಲುಗಳು 2007ರಿಂದ ಕಿವಿ ಕೇಳದವರನ್ನು ನೇಮಿಸಿಕೊಳ್ಳುತ್ತ ಬಂದವು. ಅಲ್ಲಿ ಉಳಿದ ಸಿಬ್ಬಂದಿ ಸಂಜ್ಞಾಭಾಷೆಯ ಮೂಲಪಾಠ ಕಲಿಯುತ್ತಾರೆ. ನೇಮಕ ಉಳಿಯುವಂತೆ ಮಾಡುವುದು ಈ ಪಾಠ. ಹೊಸಬನೊಬ್ಬನೇ ಎಲ್ಲರಿಗೂ ಹೊಂದಿಕೊಳ್ಳಬೇಕಾದ ಕಡೆ ಅವನು ದಣಿಯುತ್ತಾನೆ. ಸುತ್ತಲಿನವರು ಅರ್ಧ ದಾರಿ ನಡೆದು ಬಂದ ಕಡೆ ಉಳಿಯುತ್ತಾನೆ.

ಇನ್ನೊಂದು ಎಚ್ಚರ ಬೇಕು. ಕಚೇರಿ ಸ್ವಚ್ಛತೆ, ಕಾವಲು, ದತ್ತಾಂಶ ನಮೂದು, ಇವೆಲ್ಲ ಹೊರಗುತ್ತಿಗೆಗೆ ಹೋಗುತ್ತಿವೆ. ಮೀಸಲಾತಿಯ ಲೆಕ್ಕ ನಿಂತಿರುವುದು ಮಂಜೂರಾದ ಹುದ್ದೆಗಳ ಮೇಲೆ. ಹುದ್ದೆ ಗುತ್ತಿಗೆದಾರನ ಕೈಗೆ ಹೋದಂತೆ, ಕಾಯ್ದೆ ಗಟ್ಟಿಯಾಗುತ್ತಿದ್ದರೂ ಅದು ಅನ್ವಯಿಸುವ ನೆಲ ಕುಗ್ಗುತ್ತಿದೆ. ಟೆಂಡರಿನ ಷರತ್ತಿನಲ್ಲೇ ಅಂಗವಿಕಲರ ನೇಮಕವನ್ನೂ ಅವರಿಗೆ ಬೇಕಾದ ಹೊಂದಾಣಿಕೆಯನ್ನೂ ಸೇರಿಸದೆ ಇದಕ್ಕೆ ಬೇರೆ ಮದ್ದು ಕಾಣುವುದಿಲ್ಲ.

7. ಹೊಂದಾಣಿಕೆಗೊಂದು ಆದೇಶ ಸಂಖ್ಯೆ

ಈಗ ಮಾಡಬೇಕಾದದ್ದರ ಕಡೆಗೆ ಬರುತ್ತೇನೆ. ಸೂಕ್ತ ಹೊಂದಾಣಿಕೆ ಒದಗಿಸುವುದು ಕಾಯ್ದೆಯ ಕಟ್ಟಳೆ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಗೆ ಬರೆದುಕೊಡುವ ಸಹಾಯಕನನ್ನು ಒದಗಿಸಬೇಕೆಂದು ಹೇಳುತ್ತ, ಇಂಥ ಹೊಂದಾಣಿಕೆ ಸಮಾನತೆಯ ಅಂಗ ಎಂದು ಸುಪ್ರೀಂ ಕೋರ್ಟ್ ವಿವರಿಸಿತು. ಪ್ರಮಾಣಪತ್ರದಲ್ಲಿ ಶೇ 40 ಇದೆಯೇ ಎಂಬುದು ಮೀಸಲಾತಿಗೆ ಬೇಕು, ಹೊಂದಾಣಿಕೆಗೆ ಬೇಕಿಲ್ಲ.

ಆದರೆ ವ್ಯವಹಾರದಲ್ಲಿ ಹೊಂದಾಣಿಕೆ ನಡೆಯುವುದು ಮೇಲಧಿಕಾರಿಯ ಒಳ್ಳೆಯತನದಿಂದ. ಒಬ್ಬ ಅಧಿಕಾರಿ ಅರ್ಥ ಮಾಡಿಕೊಂಡು ನೆಲಮಹಡಿಯಲ್ಲಿ ಜಾಗ ಕೊಡುತ್ತಾರೆ, ಸಮಯದಲ್ಲಿ ಅರ್ಧ ಗಂಟೆ ಸಡಿಲಿಸುತ್ತಾರೆ, ಕಡತಗಳನ್ನು ಯುನಿಕೋಡ್‌ನಲ್ಲೇ ತರಿಸುತ್ತಾರೆ. ಯಾವುದೂ ಬರಹದಲ್ಲಿ ಇರುವುದಿಲ್ಲ. ಅವರಿಗೆ ವರ್ಗವಾಗುತ್ತದೆ, ಇಲ್ಲವೇ ನೌಕರನಿಗೆ ಬಡ್ತಿಯ ಮೇಲೆ ಬೇರೆ ಊರಾಗುತ್ತದೆ. ಮರುದಿನದಿಂದ ಎಲ್ಲವನ್ನೂ ಮೊದಲಿನಿಂದ ಕೇಳಬೇಕು, ವಿವರಿಸಬೇಕು, ಸಾಬೀತು ಮಾಡಬೇಕು. ಬಡ್ತಿ ಬಂದರೂ ಬೇಡವೆಂದು ಬರೆದುಕೊಡುವ ನೌಕರರ ಹಿಂದೆ ಎಷ್ಟೋ ಸಲ ಈ ಭಯ ಇರುತ್ತದೆ.

ಆದ್ದರಿಂದ ಹೊಂದಾಣಿಕೆಗೆ ಒಂದು ಆದೇಶ ಸಂಖ್ಯೆ ಇರಬೇಕು. ಈ ನೌಕರರಿಗೆ ಇಂಥ ಉಪಕರಣ, ಇಂಥ ವೇಳೆ, ಇಂಥ ಸ್ಥಳ ಎಂದು ಬರೆದ ಕಚೇರಿ ಆದೇಶ ಸೇವಾ ಪುಸ್ತಕದಲ್ಲಿ ದಾಖಲಾಗಲಿ, ವರ್ಗಾವಣೆಯಾದಾಗ ಕೊನೆಯ ವೇತನ ಪ್ರಮಾಣಪತ್ರದ ಜೊತೆಗೇ ಹೋಗಲಿ. ಬೇಕಾಗುವ ಹಣ ಆಯಾ ಶಾಖೆಯ ಸಾದಿಲ್ವಾರಿನಿಂದ ಬರುವುದು ಬೇಡ, ಇಲಾಖೆಯ ಮಟ್ಟದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಲಿ. ಆಗ ಯಾವ ಶಾಖಾಧಿಕಾರಿಗೂ ಅಂಗವಿಕಲ ನೌಕರ ತನ್ನ ಖರ್ಚಿನ ಬಾಬತ್ತಾಗಿ ಕಾಣುವುದಿಲ್ಲ.

20 ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿ ಸಂಸ್ಥೆ, ಖಾಸಗಿಯಾದರೂ, ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು, ಸಂಪರ್ಕಾಧಿಕಾರಿಯನ್ನು ನೇಮಿಸಬೇಕು ಎಂದು ನಿಯಮ ಹೇಳುತ್ತದೆ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ಉಂಟು. ನೀತಿಯ ಪ್ರತಿ ನಿಮ್ಮ ಸಂಸ್ಥೆಯಲ್ಲಿ ಎಲ್ಲಿದೆ ಎಂದು ಕೇಳಿ ನೋಡಿ. ಇದೆ ಎಂದರೆ, ಸಂಪರ್ಕಾಧಿಕಾರಿ ಯಾರು ಎಂದು ಕೇಳಿ.

ಕೊನೆಯದಾಗಿ, ಪ್ರತಿ ವರ್ಷ ಪ್ರಕಟವಾಗುವ ನೇಮಕಾತಿ ಅಂಕಿಗಳ ಪಕ್ಕದಲ್ಲಿ ಮೂರು ಕಾಲಂ ಸೇರಿಸಬೇಕು. ಸೇರಿದ ಅಂಗವಿಕಲ ನೌಕರರಲ್ಲಿ ಐದು ವರ್ಷದ ಬಳಿಕ ಉಳಿದವರೆಷ್ಟು, ಬಡ್ತಿ ಪಡೆದವರೆಷ್ಟು, ಸೇವೆಯಲ್ಲಿರುವಾಗ ವೈಕಲ್ಯ ಬಂದವರ ಪೈಕಿ ಕೆಲಸಕ್ಕೆ ಮರಳಿದವರೆಷ್ಟು. ಬಿಟ್ಟು ಹೋದವರಿಂದ ಕಾರಣ ಕೇಳಿ ಬರೆದುಕೊಳ್ಳಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಇಲಾಖೆ ಬೇಡ. ಕಾಯ್ದೆಯ 22ನೇ ಕಲಂ ಈಗಾಗಲೇ ಪ್ರತಿ ಸಂಸ್ಥೆಗೂ ಅಂಗವಿಕಲ ನೌಕರರ ದಾಖಲೆ ಇಡಲು ಹೇಳಿದೆ. ಆ ದಾಖಲೆಯ ಪುಟವನ್ನು ನೇಮಕದ ದಿನಕ್ಕೆ ಮುಚ್ಚದೆ ನಿವೃತ್ತಿಯ ದಿನದವರೆಗೆ ಬರೆಯುತ್ತ ಹೋಗುವುದಷ್ಟೇ ಉಳಿದಿರುವ ಕೆಲಸ. ಈ ಮೂರು ಅಂಕಿಗಳನ್ನು ಕೊಡಲಾಗದ ಸಂಸ್ಥೆ, ತನ್ನ ನೇಮಕಾತಿಯ ಶೇಕಡಾವಾರನ್ನು ಎಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದರೂ, ಅರ್ಧ ಲೆಕ್ಕವನ್ನಷ್ಟೇ ಒಪ್ಪಿಸಿದಂತೆ.